ಅವನ ಹೆಸರಿನಲ್ಲಿ ಆಡಿದ ನಾಲ್ಕು ದಿನ

ಹೆಸರು ಬರೆಯುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಸರೂ ಇಲ್ಲ, ಅವನ ಹೆಸರೂ ಇಲ್ಲ. ಇಲಾಖೆ ಯಾವುದು, ವರ್ಷ ಯಾವುದು ಎಂದು ಕೆದಕುವವರು ಕೆದಕಲಿ; ನಾಲ್ಕು ಕಡೆ ಬೇಕೆಂದೇ ಆಚೀಚೆ ಮಾಡಿಟ್ಟಿದ್ದೇನೆ. ಮೂಕರ್ಜಿ ಬರೆಯುವ ಪುಣ್ಯಾತ್ಮರು ನಮ್ಮ ಸೀಮೆಯಲ್ಲಿ ಇನ್ನೂ ಬದುಕಿದ್ದಾರೆ. ಹೆಸರಿಲ್ಲದೆ, ಸಹಿಯಿಲ್ಲದೆ, ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕಲು ಒಂದು ಹಾಳೆ ಬರೆದು ಟಪಾಲಿಗೆ ಹಾಕುವ ಜನ.

ನಾನು ಇಪ್ಪತ್ತೆರಡು ವರ್ಷ ಫುಟ್‌ಬಾಲ್ ಆಡಿದೆ. ಟೀವಿಯಲ್ಲಿ ಬರುವ ಫುಟ್‌ಬಾಲ್ ಅಲ್ಲ. ಬೆಂಗಳೂರಿನ ಸಿ ಡಿವಿಜನ್ನಿನಲ್ಲಿ ಎರಡು ಕ್ಲಬ್ಬು, ಬಿ ಡಿವಿಜನ್ನಿನಲ್ಲಿ ಒಂದು, ಹುಬ್ಬಳ್ಳಿಯಲ್ಲಿ ಒಂದು ವರ್ಷ, ಭದ್ರಾವತಿಯಲ್ಲಿ ಮೂರು ತಂಡ. ಮಿಕ್ಕಂತೆ ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ, ಯಾರು ಕರೆದರೆ ಅವರಿಗೆ. ನಮ್ಮ ಕಡೆಯ ಟೂರ್ನಮೆಂಟುಗಳಲ್ಲಿ ಒಂದು ಊರಿನ ತಂಡ ಹೊರಗಿನಿಂದ ಎರಡು ಮೂರು ಜನರನ್ನು ಕರೆಸಿ ಆಡಿಸಬಹುದು. ಅಂಥವರಿಗೆ ಗೆಸ್ಟ್ ಪ್ಲೇಯರ್ ಎನ್ನುತ್ತಾರೆ. ನಾನು ಊರೂರಿಗೂ ಗೆಸ್ಟು. ಬಸ್ ಚಾರ್ಜು, ಮಧ್ಯಾಹ್ನದ ಊಟ, ಗೆದ್ದರೆ ಒಂದು ಜೊತೆ ಬೂಟು. ತರೀಕೆರೆಯ ಹುಡುಗರು ನನ್ನನ್ನು ‘ಬಾಡಿಗೆ ಎತ್ತು’ ಎಂದು ಕರೆಯುತ್ತಿದ್ದರು. ಮೊದಲು ಹಾಗೆ ಕರೆದವನಿಗೆ ಕಪಾಳಕ್ಕೆ ಬಿಟ್ಟೆ. ಆಮೇಲೆ ಎಷ್ಟು ಜನಕ್ಕೆ ಅಂತ ಹೊಡೆಯುವುದು, ಸುಮ್ಮನಾದೆ.

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮೈದಾನದಲ್ಲಿ ಅದರಿಂದ ಲಾಭವಿತ್ತು. ನನ್ನ ಜಾಗ ಸ್ಟಾಪರ್. ಗೋಲ್‌ಕೀಪರಿನ ಮುಂದೆ ನಿಂತು, ಬಂದ ಚೆಂಡನ್ನೆಲ್ಲ ಆಚೆ ಕಳಿಸುವುದು, ಚೆಂಡು ತಂದವನು ಇನ್ನೊಂದು ಸಲ ಈ ಕಡೆ ಬರಲು ಯೋಚಿಸುವ ಹಾಗೆ ಮಾಡುವುದು. ಗೋಲು ಹೊಡೆಯುವವರಿಗೆ ಹಾರ ಬೀಳುತ್ತದೆ, ಸ್ಟಾಪರಿಗೆ ಬೈಗುಳ ಬೀಳುತ್ತದೆ. ನನಗೆ ಅದು ಒಗ್ಗಿತ್ತು.

ತರೀಕೆರೆ ಪೇಟೆಯಲ್ಲಿ ನಮ್ಮದು ಹಾಸಿಗೆ ಅಂಗಡಿ. ಮನೆಯೊಳಗೆ ದಖ್ನಿ, ಹೊಸ್ತಿಲು ದಾಟಿದರೆ ಕನ್ನಡ. ಕಾಲಿಗೆ ಕಟ್ಟಿಕೊಳ್ಳುವ ಶಿನ್‌ಗಾರ್ಡ್ ನಮ್ಮಲ್ಲಿ ಸಿಗದಿದ್ದ ಕಾಲದಲ್ಲಿ ಅಬ್ಬ ಹಾಸಿಗೆ ಬಟ್ಟೆಯೊಳಗೆ ಹತ್ತಿ ತುರುಕಿ ಎರಡು ಹೊಲಿದುಕೊಟ್ಟಿದ್ದರು. ಮಳೆಗಾಲದಲ್ಲಿ ಅವು ನೀರು ಕುಡಿದು ಕಾಲು ಎತ್ತಲಾರದಷ್ಟು ಭಾರವಾಗುತ್ತಿದ್ದವು. ‘ಬಾಡಿಗೆ ಎತ್ತಿಗೆ ಕಾಲಿಗೂ ಹಾಸಿಗೆ ಕಣ್ರೋ’ ಎಂದು ನಗುತ್ತಿದ್ದರು. ನಗಲಿ ಎಂದು ಅವನ್ನೇ ಕಟ್ಟಿಕೊಂಡು ಆರು ವರ್ಷ ಆಡಿದೆ.

ನನಗೆ ಬೇಕಾಗಿದ್ದದ್ದು ಒಂದೇ ಒಂದು ಕಾಗದ. ರಾಜ್ಯಮಟ್ಟದ ಪಂದ್ಯಾವಳಿಯಲ್ಲಿ ಜಿಲ್ಲೆಯ ಪರವಾಗಿ ಆಡಿದ್ದಾನೆ ಎಂದು ನನ್ನ ಹೆಸರು ಬರೆದ ಸರ್ಟಿಫಿಕೇಟು. ಅದಿದ್ದರೆ ಆಟಗಾರರ ಕೋಟಾದಲ್ಲಿ ಸರ್ಕಾರಿ ನೌಕರಿಗೆ ದಾರಿ. ನಮ್ಮಂಥವರು ಆಡುವುದೇ ಅದಕ್ಕೆ. ಊರಿಗಾಗಿ, ನಾಡಿಗಾಗಿ ಅನ್ನುವುದೆಲ್ಲ ಮೈಕಿನ ಮುಂದೆ. ರಾಜ್ಯಮಟ್ಟದಲ್ಲಿ ನಾನು ಒಂದೇ ಸಲ ಆಡಿದೆ, ನಾಲ್ಕು ದಿನ. ಆ ನಾಲ್ಕು ದಿನವೂ ಗೆಳೆಯನ ಹೆಸರಿನಲ್ಲಿ ಆಡಿದೆ. ಹೋದ ವರ್ಷ ಆ ಆಟದ ಬಗ್ಗೆ ನನ್ನ ಸಾಕ್ಷಿ ಕೇಳಿ ನೋಟೀಸು ಬಂತು. ಅಷ್ಟು ಹೊತ್ತಿಗೆ ಗೆಳೆಯ ಸತ್ತು ಎಂಟು ತಿಂಗಳಾಗಿತ್ತು. ಅವನ ಹೆಂಡತಿಗೆ ಅನುಕಂಪದ ಮೇಲೆ ಸಿಗಬೇಕಾದ ಕೆಲಸ ನನ್ನ ಬಾಯಿಯಿಂದ ಬರುವ ಮಾತಿನ ಮೇಲೆ ನಿಂತಿತ್ತು. ನನ್ನ ಬಾಯಿಯ ಯೋಗ್ಯತೆ ನನಗೆ ಗೊತ್ತು, ಹೆದರಿಕೆಯಾಯಿತು.

ಗೆಳೆಯ ಅಜ್ಜಂಪುರದ ಹತ್ತಿರದ ಹಳ್ಳಿಯವನು. ಮಠಕ್ಕೆ ನಡೆದುಕೊಳ್ಳುವ ಒಕ್ಕಲು ಮನೆ, ಕಪ್ಪು ಮಣ್ಣಿನ ಹೊಲದಲ್ಲಿ ಈರುಳ್ಳಿ ಬೆಳೆಯುತ್ತಿದ್ದರು. ದನ ಮೇಯುವ ಕಾವಲಿನಲ್ಲಿ ನಾಲ್ಕು ನೀಲಗಿರಿ ಕಂಬ ನೆಟ್ಟು ಅಲ್ಲಿಯ ಹುಡುಗರು ಆಡುತ್ತಿದ್ದರು. ನಾನು ಅವರ ಊರಿಗೆ ಗೆಸ್ಟಾಗಿ ಹೋದಾಗ ಪರಿಚಯ. ಅವನು ರೈಟ್ ಬ್ಯಾಕ್. ಓಟ ಚೆನ್ನಾಗಿತ್ತು, ಧೈರ್ಯ ಕಡಿಮೆ. ಎದುರಿನವನು ಜೋರಾಗಿ ನುಗ್ಗಿದರೆ ಪಕ್ಕಕ್ಕೆ ಸರಿದು ‘ಬಾರಣ್ಣ’ ಎಂದು ದಾರಿ ಬಿಡುವ ಜಾತಿ. ಅವನ ಬೆನ್ನ ಹಿಂದೆ ನಿಂತು ನಾನು ಸಂಭಾಳಿಸುತ್ತಿದ್ದೆ. ಆಟ ಮುಗಿದ ಮೇಲೆ ಅವರ ಮನೆಗೆ ಕರೆದುಕೊಂಡು ಹೋಗಿ ರೊಟ್ಟಿ, ಉಚ್ಚೆಳ್ಳು ಚಟ್ನಿ ಹಾಕಿಸುತ್ತಿದ್ದ. ಅವರ ಅಜ್ಜಿ ನನಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕುತ್ತಿದ್ದರು. ‘ಇವನ್ದು ಎತ್ತಿನ ಮೈ, ತಿನ್ಲಿ ಬಿಡು’ ಅನ್ನುತ್ತಿದ್ದರು.

ಜಿಲ್ಲಾ ತಂಡದ ಆಯ್ಕೆ ಕಡೂರಿನಲ್ಲಿ ನಡೆಯಿತು. ನಾನು ಹೋಗಲಿಲ್ಲ. ಇಲ್ಲಿಯೇ ನನ್ನ ಹಣೆಬರಹ. ಅದೇ ಭಾನುವಾರ ಭದ್ರಾವತಿಯಲ್ಲಿ ಒಂದು ಫೈನಲ್ಲು, ಬರುತ್ತೇನೆಂದು ಮಾತು ಕೊಟ್ಟಿದ್ದೆ. ಗೆಸ್ಟ್ ಆಟಗಾರರಲ್ಲಿ ಒಂದು ಕಟ್ಟು ಇದೆ: ಒಪ್ಪಿಕೊಂಡ ಪಂದ್ಯಕ್ಕೆ ಕೈಕೊಟ್ಟರೆ ಆಮೇಲೆ ಯಾರೂ ಕರೆಯುವುದಿಲ್ಲ. ಜಿಲ್ಲಾ ತಂಡದ ಕೋಚ್ ನನ್ನನ್ನು ಬಲ್ಲವರು, ಬಿಡುವುದಿಲ್ಲ ಎಂಬ ಸೊಕ್ಕೂ ಇತ್ತು. ಭದ್ರಾವತಿಯಲ್ಲಿ ಗೆದ್ದು ಬೂಟು ಹೆಗಲಿಗೆ ಹಾಕಿಕೊಂಡು ಬಂದೆ. ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅವನದಿತ್ತು.

ತಂಡ ಹೊರಡುವುದಕ್ಕೆ ಎರಡು ದಿನ ಇದ್ದಾಗ ಅವನು ಕಾವಲಿನಲ್ಲಿ ಆಡುತ್ತ ದನದ ಗೊರಸು ಕುಳಿಯಲ್ಲಿ ಕಾಲಿಟ್ಟು ಪಾದ ತಿರುಚಿಕೊಂಡ. ಹರಳೆಣ್ಣೆ ಹಚ್ಚಿದರೂ ಇಳಿಯಲಿಲ್ಲ, ಹಿಮ್ಮಡಿ ಕುಂಬಳಕಾಯಿ ಆಯಿತು. ಫೋಟೋ ಅಂಟಿಸಿದ ಪಟ್ಟಿ ಆಗಲೇ ಮೇಲಕ್ಕೆ ಹೋಗಿತ್ತು, ಬದಲಿಸುವ ಹಾಗಿರಲಿಲ್ಲ. ಕೋಚ್ ನಮ್ಮ ಅಂಗಡಿಗೇ ಬಂದರು. ಅಬ್ಬ ನಮಾಜಿಗೆ ಹೋಗಿದ್ದರು.

‘ನೋಡಪ್ಪಾ, ಅವನ ಹೆಸರಲ್ಲಿ ನೀನು ಆಡ್ಬೇಕು. ಇಬ್ಬರದೂ ಒಂದೇ ಎತ್ತರ, ಒಂದೇ ಮೀಸೆ. ಆ ಫೋಟೋದಲ್ಲಿ ಯಾರ ಮುಖಾನೂ ಸರಿಯಾಗಿ ಕಾಣಲ್ಲ’ ಎಂದರು.

‘ಸರ್ಟಿಫಿಕೇಟು?’ ಎಂದೆ.

‘ಪಟ್ಟೀಲಿ ಯಾರ ಹೆಸರಿದ್ಯೋ ಅವರಿಗೆ. ಮುಂದಿನ ವರ್ಷ ನಿಂದೇ ಮೊದಲ್ನೇ ಹೆಸರು ಬರೀತೀನಿ, ಸಾಕಾ?’

ಒಪ್ಪಿಕೊಂಡೆ. ದೊಡ್ಡ ತ್ಯಾಗವೇನೂ ಅಲ್ಲ, ಆಡುವ ಚಪಲ. ಒಳ್ಳೆಯ ಹುಲ್ಲಿನ ಮೈದಾನ, ಬಲೆ ಕಟ್ಟಿದ ಗೋಲು, ಮೂರು ಜನ ರೆಫರಿಗಳು, ನನಗೆ ಅಷ್ಟು ಸಾಕಾಗಿತ್ತು. ಬಿಟ್ಟಿಯಾಗಿ ಕರೆದಿದ್ದರೂ ಹೋಗುತ್ತಿದ್ದೆ.

ತೊಂದರೆ ಇದ್ದದ್ದು ಹಣೆಯಲ್ಲಿ. ಅವನ ಫೋಟೋದಲ್ಲಿ ಹಣೆ ತುಂಬ ಮೂರು ಗೆರೆ ವಿಭೂತಿ. ವಿಭೂತಿ ಇಲ್ಲದೆ ಫೋಟೋ ತೆಗೆಸಬಾರದೆಂದು ಅವರ ಅಜ್ಜಿ ಹಠ ಹಿಡಿದಿದ್ದರಂತೆ. ಪಂದ್ಯಕ್ಕೆ ಮುಂಚೆ ಅಧಿಕಾರಿಗಳು ಒಬ್ಬೊಬ್ಬರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ಹಿಡಿದು ಮುಖ ನೋಡುತ್ತಿದ್ದರು. ಅವನೂ ತಂಡದ ಜೊತೆ ಕುಂಟಿಕೊಂಡು ಬಂದಿದ್ದ. ಬಟ್ಟೆ ಬದಲಿಸುವ ಕೋಣೆಯ ಮೂಲೆಯಲ್ಲಿ ನನ್ನನ್ನು ಕೂರಿಸಿ, ಬೆರಳಿಗೆ ವಿಭೂತಿ ತೀಡಿಕೊಂಡು, ‘ಮುಖ ಎತ್ತೋ, ಅಳ್ಳಾಡ್ಬೇಡ’ ಎಂದ.

‘ನಿಮ್ಮ ಸ್ವಾಮಿಗಳಿಗೆ ಗೊತ್ತಾದ್ರೆ?’

‘ಇಬ್ಬರಿಗೂ ಬೈತಾರೆ. ನಿಮ್ಮ ಅಮ್ಮಂಗೆ ಗೊತ್ತಾದ್ರೆ?’

‘ಅಮ್ಮಿ ಬೈಯಲ್ಲ, ಬಾರಿಸ್ತಾಳೆ.’

ಅವನಿಗೆ ನಗು ತಡೆಯಲಾಗದೆ ಗೆರೆ ಸೊಟ್ಟಗಾಯಿತು. ಅಳಿಸಿ ಮತ್ತೆ ಎಳೆದ. ಹಾಫ್‌ಟೈಮಿಗೆ ಬೆವರಿನಲ್ಲಿ ಎಲ್ಲ ಇಳಿದುಹೋಗಿರುತ್ತಿತ್ತು, ಕುಂಟುತ್ತ ಬಂದು ಮತ್ತೆ ಹಚ್ಚುತ್ತಿದ್ದ. ನಾಲ್ಕು ದಿನವೂ ಹಾಗೇ ನಡೆಯಿತು. ನನ್ನ ಹಣೆ ಅವನ ಕೈಯಲ್ಲಿದ್ದಾಗ ನಾವಿಬ್ಬರೂ ಏನೋ ತಪ್ಪು ಮಾಡುತ್ತಿದ್ದೇವೆ ಎಂದು ನನಗೆ ಒಂದು ಸಲವೂ ಅನ್ನಿಸಲಿಲ್ಲ.

ಕ್ವಾರ್ಟರ್ ಫೈನಲ್ಲಿನಲ್ಲಿ ನಮಗೆ ಎದುರಾಗಿದ್ದು ದೊಡ್ಡ ಜಿಲ್ಲೆ. ಅವರ ಬೂಟಿನ ಬೆಲೆಗೆ ನಮ್ಮ ಇಡೀ ತಂಡದ ಬಟ್ಟೆ ಬರುತ್ತಿತ್ತು. ಅವತ್ತು ನಾನು ಆಡಿದ ಹಾಗೆ ಹಿಂದೆ ಆಡಿರಲಿಲ್ಲ, ಮುಂದೆಯೂ ಆಡಲಿಲ್ಲ. ಎರಡು ಸಲ ಗೋಲಿನ ಗೆರೆಯ ಮೇಲಿಂದ ಚೆಂಡು ತೆಗೆದೆ. ಒಂದು ಎದೆಗೆ ಬಡಿದು ಉಸಿರು ನಿಂತಿತು, ನೆಲಕ್ಕೆ ಬಿದ್ದವನು ಎದ್ದು ಮತ್ತೆ ನಿಂತೆ. ಯಾರಾದರೂ ಅವನ ಹೆಸರು ಹಿಡಿದು ಕೂಗಿದರೆ ಮೊದಲನೆಯ ದಿನ ನಾನು ತಿರುಗುತ್ತಿರಲಿಲ್ಲ, ಅವತ್ತು ತಿರುಗಿದೆ. ಗೋಲಿಲ್ಲದೆ ಆಟ ಮುಗಿದು ಪೆನಾಲ್ಟಿಗೆ ಬಂತು. ಕೊನೆಯದನ್ನು ಹೊಡೆಯಲು ಯಾರೂ ಮುಂದೆ ಬರಲಿಲ್ಲ. ಕೋಚ್ ನನ್ನ ಮುಖ ನೋಡಿದರು. ಹೋಗಿ ಚೆಂಡಿಟ್ಟು, ರೆಫರಿ ಸೀಟಿ ಊದಲು ಕಾದು, ಎಡಗಡೆ ಕೆಳಕ್ಕೆ ಒದ್ದೆ. ಬಲೆ ಅಲ್ಲಾಡಿತು. ಮೈಕಿನಲ್ಲಿ ಅವನ ಹೆಸರು ಬಂತು. ಎಲ್ಲರೂ ಓಡಿಬಂದು ನನ್ನನ್ನು ಎತ್ತಿಕೊಂಡು ಅವನ ಹೆಸರನ್ನೇ ಕೂಗಿದರು. ಅವನೂ ಒಂದೇ ಕಾಲಲ್ಲಿ ಕುಪ್ಪಳಿಸುತ್ತ ಬಂದು, ಕಣ್ಣಲ್ಲಿ ನೀರು ಸುರಿಸಿಕೊಂಡು, ತನ್ನ ಹೆಸರನ್ನು ತಾನೇ ಕೂಗುತ್ತಿದ್ದ.

ಸೆಮಿಫೈನಲ್ಲಿನಲ್ಲಿ ಸೋತೆವು, ಮೂರನೆಯ ಸ್ಥಾನಕ್ಕೆ ಗೆದ್ದೆವು. ವೇದಿಕೆಯ ಮೇಲೆ ಹೋಗಿ ಸರ್ಟಿಫಿಕೇಟು ಇಸಿದುಕೊಂಡೆ. ವಾಪಸು ಬರುವಾಗ ರೈಲು ಅಜ್ಜಂಪುರದಲ್ಲಿ ನಿಂತಾಗ ಅದನ್ನು ಅವನ ಕೈಗೆ ಕೊಟ್ಟು, ‘ಹಿಡ್ಕೊಳಪ್ಪಾ ಸ್ಟೇಟ್ ಪ್ಲೇಯರ್’ ಎಂದೆ. ಅವನು ಅದನ್ನು ಮಡಿಸಲಿಲ್ಲ, ಎರಡು ಕೈಯಲ್ಲಿ ಹಿಡಿದುಕೊಂಡು ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದ. ಮನೆಗೆ ಬಂದ ಮೇಲೆ ಅಮ್ಮಿ ನನ್ನ ಕೂದಲಿನ ಬುಡದಲ್ಲಿ ಬಿಳಿ ಪುಡಿ ನೋಡಿದಳು. ಏನೂ ಕೇಳದೆ ಸೆರಗಿನ ತುದಿಯಿಂದ ಒರೆಸಿ ಊಟಕ್ಕೆ ಕರೆದಳು.

ಮುಂದಿನ ವರ್ಷ ಆಯ್ಕೆಗೆ ಮೊದಲೇ ಅವನು ನಮ್ಮ ಅಂಗಡಿಗೆ ಬಂದ. ಆಟಗಾರರ ಕೋಟಾದ ನೌಕರಿಗೆ ಅರ್ಜಿ ಕರೆದಿದ್ದರು. ಹತ್ತಿ ಮೂಟೆಯ ಮೇಲೆ ಕುಳಿತು ಚೀಲದಿಂದ ಆ ಸರ್ಟಿಫಿಕೇಟು ತೆಗೆದ.

‘ಲೇ, ಇದು ನಿಂದು. ಅರ್ಜಿ ಹಾಕ್ಬೇಡ ಅಂದ್ರೆ ಇಲ್ಲೇ ಹರಿದು ಹಾಕ್ತೀನಿ. ಬಸವಣ್ಣನ ಆಣೆ.’

‘ಹರಿದ್ರೆ ನನ್ ಹೆಸರು ಬತ್ತದಾ ಅದರಲ್ಲಿ? ಹಾಕ್ಕೊಳೋ. ನಾನು ಈ ವರ್ಷ ನಂದೇ ತತ್ತೀನಿ’ ಎಂದೆ.

ಸೊಕ್ಕಿನ ಮಾತು. ಅವನಿಗೆ ಕೆಲಸವಾಯಿತು. ನಾನು ಆ ವರ್ಷದ ಆಯ್ಕೆಯಲ್ಲಿ ಒಬ್ಬ ಆಯ್ಕೆಗಾರರಿಗೆ ಎದುರು ಮಾತನಾಡಿ ಹೊರಬಿದ್ದೆ. ಅದರ ಮುಂದಿನ ವರ್ಷ ಜಿಲ್ಲೆಯಿಂದ ತಂಡವೇ ಹೋಗಲಿಲ್ಲ. ಆಮೇಲೆ ಮಂಡಿ, ಆಮೇಲೆ ವಯಸ್ಸು. ಬೆಂಗಳೂರಿನ ಕ್ಲಬ್ಬುಗಳಲ್ಲಿ ಹನ್ನೊಂದು ಜನ ಒಂದೇ ಕೋಣೆಯಲ್ಲಿ ಮಲಗಿ, ಬೆಳಿಗ್ಗೆ ಬಾಳೆಹಣ್ಣು ಮೊಟ್ಟೆ ತಿಂದು, ನಲವತ್ತು ಜನ ನೋಡುವ ಪಂದ್ಯ ಆಡಿದೆ. ಊರಿನ ಟೂರ್ನಮೆಂಟುಗಳ ಪ್ರಶಸ್ತಿಪತ್ರ ಒಂದು ಪೆಟ್ಟಿಗೆ ತುಂಬ ಇವೆ. ಯಾವ ಕಚೇರಿಯಲ್ಲೂ ಅವಕ್ಕೆ ಕಿಮ್ಮತ್ತಿಲ್ಲ. ಅಬ್ಬ ಹೋದ ಮೇಲೆ ಅಂಗಡಿಯಲ್ಲಿ ಕುಳಿತೆ. ಈಗ ಹತ್ತಿ ಕಡಿಮೆ, ಫೋಮ್ ಜಾಸ್ತಿ.

ಅವನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಸುತ್ತಿ ಬಳಸಿ ಹೇಳುವುದಿಲ್ಲ. ನಾನೇ ‘ಹಾಕ್ಕೊ’ ಎಂದವನು. ನನ್ನಿಂದ ಅವನು ಕಿತ್ತುಕೊಂಡದ್ದೇನೂ ಇರಲಿಲ್ಲ. ಆದರೂ ತಿಂಗಳ ಮೊದಲನೆಯ ತಾರೀಕು ಬಂದರೆ ಅವನಿಗೆ ಸಂಬಳವಾಗಿರುತ್ತದೆ ಎಂದು ನೆನಪಾಗುತ್ತಿತ್ತು. ಕೆಲಸಕ್ಕೆ ಸೇರಿದ ಮೇಲೆ ಅವನು ಬೂಟು ಮುಟ್ಟಲಿಲ್ಲ. ಹೊಟ್ಟೆ ಬಂತು. ಎದುರು ಸಿಕ್ಕಾಗ ನಾಲ್ಕು ಜನರ ಮುಂದೆ ‘ನೋಡ್ರೋ ಸ್ಟೇಟ್ ಪ್ಲೇಯರ್ ಹೊಟ್ಟೆ’ ಅನ್ನುತ್ತಿದ್ದೆ. ಅವನು ತಲೆ ತಗ್ಗಿಸಿ ನಗುತ್ತಿದ್ದ. ಸರ್ಕಾರಿ ಅನ್ನ ತಿಂದು ಸೋಮಾರಿಯಾಗಿದ್ದಾನೆ ಎಂದುಕೊಂಡೆ. ಅವರ ಮನೆಗೆ ಹೋಗುವುದನ್ನೂ ಕಡಿಮೆ ಮಾಡಿದೆ.

ಒಂದು ಬೆಳಿಗ್ಗೆ ಕಚೇರಿಗೆ ಹೊರಟವನು ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕುಳಿತನಂತೆ, ಆಸ್ಪತ್ರೆ ಮುಟ್ಟುವ ಮುಂಚೆ ಹೋಗಿಬಿಟ್ಟ. ನಲವತ್ತಾರು ವರ್ಷವೂ ತುಂಬಿರಲಿಲ್ಲ. ಮಣ್ಣಿಗೆ ಹೋಗಿದ್ದೆ. ಅವನನ್ನು ಅವರ ಪದ್ಧತಿಯಂತೆ ಕೂರಿಸಿದ್ದರು, ಹಣೆಯಲ್ಲಿ ವಿಭೂತಿ ಇತ್ತು. ನನಗೆ ಹತ್ತಿರ ಹೋಗಲು ಆಗಲಿಲ್ಲ, ಗೋಡೆಯ ಪಕ್ಕ ನಿಂತು ವಾಪಸು ಬಂದೆ.

ಮೂರು ತಿಂಗಳಾದ ಮೇಲೆ ಅಜ್ಜಂಪುರದ ಹುಡುಗರು ಅವನ ನೆನಪಿನಲ್ಲಿ ಒಂದು ದಿನದ ಪಂದ್ಯ ಇಟ್ಟುಕೊಂಡರು. ಅವನ ಫೋಟೋಗೆ ಹಾರ, ಶಾಮಿಯಾನ, ಮೈಕು. ನಾನು ಹಳೆಯ ಆಟಗಾರನೆಂದು ಕುರ್ಚಿ ಹಾಕಿ ಕೂರಿಸಿದ್ದರು. ಊರಿನ ಹಿರಿಯರೊಬ್ಬರು ಮಾತನಾಡುತ್ತ ಅವನು ರಾಜ್ಯಮಟ್ಟದ ಕ್ವಾರ್ಟರ್ ಫೈನಲ್ಲಿನಲ್ಲಿ ಆಡಿದ್ದನ್ನು ಬಣ್ಣಿಸಿದರು. ಎರಡು ಸಲ ಗೆರೆಯ ಮೇಲಿಂದ ಚೆಂಡು ತೆಗೆದನಂತೆ. ಎದೆಗೆ ಏಟು ಬಿದ್ದರೂ ಎದ್ದು ನಿಂತನಂತೆ. ಕೊನೆಯ ಪೆನಾಲ್ಟಿ ಎಡಗಡೆ ಕೆಳಕ್ಕೆ ಹೊಡೆದನಂತೆ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಬೇಕಾಯಿತು. ಸತ್ತವನ ಮೇಲೆ ಹೊಟ್ಟೆ ಉರಿಯುವುದು ಎಂಥ ನೀಚತನ ಎಂದು ಗೊತ್ತಿತ್ತು, ಆದರೂ ಉರಿಯಿತು.

ಪಂದ್ಯ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುತ್ತ ನಾಲ್ಕೈದು ಜನ ನಿಂತಿದ್ದೆವು. ಒಬ್ಬ ಹರೆಯದವನು ಮತ್ತೆ ಆ ಪೆನಾಲ್ಟಿಯ ಮಾತೆತ್ತಿದ. ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟು, ‘ಅದನ್ನ ಹೊಡ್ದಿದ್ದು ನಾನು ಕಣ್ರೋ. ಅವನು ಕಾಲು ಮುರ್ಕೊಂಡು ಹೊರಗೆ ಕೂತಿದ್ದ. ಅವನ ನೌಕರಿನೂ ನಂದೇ’ ಎಂದುಬಿಟ್ಟೆ. ಅಷ್ಟೇ ಆಗಿದ್ದು. ಬಸ್ಸು ಬಂತು, ಹತ್ತಿದೆ. ಅಮೃತಾಪುರ ದಾಟುವ ಹೊತ್ತಿಗೆ ಏನು ಮಾಡಿಬಿಟ್ಟೆ ಎಂದು ಅರಿವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆ ನಾಲ್ಕೈದು ಜನರಲ್ಲಿ ಯಾರು ಬರೆದರೋ, ಅವರಿಂದ ಕೇಳಿದವರು ಬರೆದರೋ, ಇವತ್ತಿಗೂ ಗೊತ್ತಿಲ್ಲ. ಇಲಾಖೆಗೆ ಮೂಕರ್ಜಿ ಹೋಯಿತು. ಮೃತ ನೌಕರ ಸುಳ್ಳು ಸರ್ಟಿಫಿಕೇಟಿನ ಮೇಲೆ ಕೆಲಸ ಪಡೆದಿದ್ದ, ಅವನ ಹೆಂಡತಿಗೆ ಕೆಲಸ ಕೊಡಕೂಡದು, ನಿಜವಾಗಿ ಆಡಿದವನು ತರೀಕೆರೆಯ ಹಾಸಿಗೆ ಅಂಗಡಿಯವನು, ಟೀ ಅಂಗಡಿಯಲ್ಲಿ ಅವನೇ ಹಾಗೆಂದಿದ್ದಾನೆ, ಬೇಕಾದರೆ ಅವನನ್ನೇ ಕೇಳಿ. ಅವಳ ಕಡತ ಅಲ್ಲಿಗೇ ನಿಂತಿತು. ಕೋಚ್ ತೀರಿಹೋಗಿ ವರ್ಷಗಳಾಗಿದ್ದವು. ತಂಡದಲ್ಲಿದ್ದವರಲ್ಲಿ ಸಿಕ್ಕ ಇಬ್ಬರನ್ನು ಕೇಳಿದರಂತೆ. ನೆನಪಿಲ್ಲ ಎಂದು ಬರೆದುಕೊಟ್ಟು ತಪ್ಪಿಸಿಕೊಂಡರು. ಉಳಿದವನು ನಾನು. ಹದಿನೈದು ದಿನ ಬಿಟ್ಟು ಕಡೂರಿನ ಕಚೇರಿಗೆ ಬಂದು ಹೇಳಿಕೆ ಕೊಡಬೇಕೆಂದು ನೋಟೀಸು.

ಹದಿನೈದು ದಿನವೂ ನನ್ನೊಳಗೆ ಎರಡು ಜನ ಜಗಳ ಆಡಿದರು. ನಿಜ ಹೇಳಿದರೆ ತಪ್ಪೇನು ಎಂದು ಒಬ್ಬ. ಆಡಿದವನು ನೀನು, ಕಣ್ಣು ಮುಚ್ಚುವ ಮುಂಚೆ ಒಂದು ಸಲವಾದರೂ ಬಾಯಿಬಿಟ್ಟು ಹೇಳು. ಅವಳ ಅನ್ನ ಕಸಿದು ಹೇಳುತ್ತೀಯಾ ಎಂದು ಇನ್ನೊಬ್ಬ. ಹೆಂಡತಿಯನ್ನು ಕೇಳಿದೆ. ‘ನಿಮಗೆ ಅಲ್ಲಾಹನ ಭಯ ಇರೋದು ಸುಳ್ಳು ಹೇಳೋದಕ್ಕೋ, ಒಬ್ಬ ವಿಧವೆ ಹೊಟ್ಟೆ ಮೇಲೆ ಹೊಡೆಯೋದಕ್ಕೋ, ನೀವೇ ನೋಡ್ಕೊಳ್ಳಿ’ ಎಂದಳು. ಯಾವ ಕಡೆಗೂ ವಾಲದ ಉತ್ತರ. ಸಿಟ್ಟು ಬಂತು.

ದಿನ ಹತ್ತಿರ ಬಂದಾಗ ಗೆಳೆಯನ ಹೆಂಡತಿ ಅಂಗಡಿಗೆ ಬಂದಳು. ಅಜ್ಜಂಪುರದ ಬಸ್ಸಿಳಿದು ಬಿಸಿಲಲ್ಲಿ ನಡೆದುಬಂದಿದ್ದಳು. ಕೂರಲು ಹೇಳಿದರೆ ಕೂರಲಿಲ್ಲ. ಸುಳ್ಳು ಹೇಳಿ ಎಂದು ಕಾಲಿಗೆ ಬೀಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ.

‘ಅರ್ಜಿ ನೀವು ಬರ್ದಿದ್ದಾ ಅಣ್ಣ?’

‘ಇಲ್ಲ ಕಣಮ್ಮ. ಆದ್ರೆ ಬಾಯಿ ಬಿಟ್ಟಿದ್ದು ನಾನೇ.’ ಅಷ್ಟನ್ನಾದರೂ ನಿಜ ಹೇಳಿದೆ.

ಅವಳು ತಲೆಯಾಡಿಸಿದಳು. ‘ಆಡಿದ್ದು ನೀವು ಅಂತ ನಂಗೆ ಮದ್ವೆ ಆದ ವರ್ಷಾನೇ ಹೇಳಿದ್ರು. ಆಫೀಸಿನ ಟೀಮಲ್ಲಿ ಆಡು ಅಂತ ಪ್ರತಿ ವರ್ಷ ಕರೆಯೋರು. ಕಾಲು ನೋವು ಅನ್ನೋರು. ಕಾಲು ವಾಸಿಯಾಗಿ ಎಷ್ಟು ಕಾಲ ಆಗಿತ್ತು! ನಾನು ಕೇಳ್ದೆ, ಯಾಕ್ರೀ ಸುಳ್ಳು ಹೇಳ್ತೀರಾ ಅಂತ. ಆಡಕ್ಕಿಳಿದ್ರೆ ಆ ಪೆನಾಲ್ಟಿ ಹೊಡೆದೋನು ನಾನಲ್ಲ ಅಂತ ಒಂದು ಗಳಿಗೇಲಿ ಗೊತ್ತಾಗೋಗುತ್ತೆ ಕಣೇ ಅಂದ್ರು. ಭಾನುವಾರ ಮೈದಾನದ ದಾರೀಲೂ ಹೋಗ್ತಿರಲಿಲ್ಲ, ಸುತ್ತು ಹಾಕ್ಕೊಂಡು ಹೋಗೋರು.’

ಅವನು ಆಟ ಬಿಟ್ಟದ್ದು ಸೋಮಾರಿತನದಿಂದ ಎಂದುಕೊಂಡು ಇಪ್ಪತ್ತು ವರ್ಷ ಅವನ ಹೊಟ್ಟೆಯನ್ನು ಆಡಿಕೊಂಡಿದ್ದೆ. ನಾನು ಕಾಗದವಿಲ್ಲದೆ ಆಡಿದೆ. ಅವನು ಕಾಗದಕ್ಕಾಗಿ ಆಟವನ್ನೇ ಬಿಟ್ಟ. ಇಬ್ಬರಲ್ಲಿ ಯಾರಿಗೆ ಹೆಚ್ಚು ನಷ್ಟ ಎಂದು ಯಾರಾದರೂ ಕೇಳಿದ್ದರೆ ಅದಕ್ಕೆ ಮುಂಚೆ ತಟ್ಟನೆ ಉತ್ತರ ಹೇಳುತ್ತಿದ್ದೆ. ಆ ದಿನದಿಂದ ಹೇಳಲಾರೆ.

‘ನೀವು ಏನು ಹೇಳಿದ್ರೂ ನಂಗೆ ಬೇಜಾರಿಲ್ಲ ಅಣ್ಣ’ ಎಂದಳು. ‘ಬೇರೇರು ಬರ್ದಿದ್ದಕ್ಕೆ ನಿಮ್ಮನ್ನ ಬೈಕೊಂಡು ಇರಬಾರ್ದು ಅಂತ ಕೇಳ್ಕೊಂಡು ಹೋಗಕ್ಕೆ ಬಂದೆ.’ ನೀರು ಕೊಟ್ಟರೆ ಕುಡಿದು, ಮುಂದಿನ ಬಸ್ಸಿಗೆ ಹೊರಟಳು. ಅವಳು ಹೋದ ಮೇಲೆ ಅಂಗಡಿಯ ಒಳಗಡೆ ಹೋಗಿ ಅತ್ತೆ. ಅವನು ಸತ್ತ ದಿನ ಬಾರದ ಅಳು ಆಗ ಬಂತು.

ಕಡೂರಿನ ಕಚೇರಿಯಲ್ಲಿ ವಿಚಾರಣೆಗೆ ಬಂದಿದ್ದ ಅಧಿಕಾರಿ ಮರ್ಯಾದಸ್ಥ ಮನುಷ್ಯ. ಎದುರು ಕುರ್ಚಿ ಕೊಟ್ಟು ಟೀ ತರಿಸಿದರು. ಪಕ್ಕದಲ್ಲಿ ಬರೆದುಕೊಳ್ಳಲು ಒಬ್ಬ ಗುಮಾಸ್ತ. ಕಡತದಿಂದ ಒಂದು ಫೋಟೋ ತೆಗೆದು ನನ್ನ ಮುಂದೆ ಜರುಗಿಸಿದರು. ಮೂರನೆಯ ಸ್ಥಾನ ಗೆದ್ದ ದಿನ ತೆಗೆದ ತಂಡದ ಫೋಟೋ. ನಾನು ಅದನ್ನು ಅದುವರೆಗೂ ನೋಡಿರಲಿಲ್ಲ. ಎರಡನೆಯ ಸಾಲಿನ ಮಧ್ಯೆ ಎದೆ ಉಬ್ಬಿಸಿಕೊಂಡು ಒಬ್ಬ ನಿಂತಿದ್ದ, ಬೆವರಿದ ಮುಖ, ದಟ್ಟ ಮೀಸೆ. ಎಷ್ಟು ಚಿಕ್ಕವನಾಗಿದ್ದೆ! ನನ್ನ ದೊಡ್ಡ ಮಗ ಈಗ ಹಾಗಿದ್ದಾನೆ.

ಅಧಿಕಾರಿ ಆ ಮುಖದ ಮೇಲೆ ಪೆನ್ನಿನ ತುದಿ ಇಟ್ಟರು. ‘ಇವರು ಯಾರು ಹೇಳ್ತೀರಾ?’

ಗೆಳೆಯನ ಹೆಸರು ಹೇಳಿದೆ. ‘ಅವನೇ ಸಾರ್’ ಎಂದೆ.

ಅವರು ನನ್ನ ನರೆತ ಗಡ್ಡವನ್ನು, ಮೂಗನ್ನು, ಮತ್ತೆ ಫೋಟೋವನ್ನು ನೋಡಿದರು. ಪೆನ್ನು ಕೆಳಗಿಟ್ಟರು. ‘ನೋಡಿ ಯಜಮಾನ್ರೇ, ನಿಮ್ಮ ಮೇಲೆ ಯಾವ ಕ್ರಮಾನೂ ಆಗಲ್ಲ, ಭಯ ಬೇಡ. ಅವತ್ತು ನೀವೇ ಆಡಿದ್ದು ಅಂತಾದ್ರೆ ಹೇಳಿಬಿಡಿ. ಹೇಳಿಕೆಯ ಎಂಟನೇ ಕಾಲಮ್ಮಿನಲ್ಲಿ ನಿಮ್ಮ ಹೆಸರು ಬರೆದು, ರಾಜ್ಯಮಟ್ಟದಲ್ಲಿ ಆಡಿದವರು ಇವರು ಅಂತ ದಾಖಲು ಮಾಡ್ತೀವಿ. ಸರ್ಕಾರಿ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತೆ.’

ಗುಮಾಸ್ತ ಪೆನ್ನು ಹಿಡಿದು ಕಾಯುತ್ತಿದ್ದ. ನಾಲಿಗೆಯ ತುದಿಗೆ ಬಂದಿತ್ತು. ಒಂದೇ ಮಾತು, ‘ನಾನೇ’ ಎಂದರೆ ಸಾಕು. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

‘ಇಲ್ಲ ಸಾರ್. ಆ ಪೆನಾಲ್ಟಿ ಅವನೇ ಹೊಡೆದಿದ್ದು. ಎಡಗಡೆ ಕೆಳಕ್ಕೆ ಹೊಡೆದ. ನಾನು ಆಚೆ ಕೂತು ನೋಡ್ತಿದ್ದೆ.’

‘ಟೀ ಅಂಗಡಿಯಲ್ಲಿ ನೀವು ಹಾಗಂದಿದ್ದು?’

‘ಹೊಟ್ಟೆಕಿಚ್ಚಿಗೆ ಅಂದೆ.’ ಅದು ಸುಳ್ಳಲ್ಲ.

ಅಧಿಕಾರಿ ಗುಮಾಸ್ತನಿಗೆ ಬರೆಯಲು ಹೇಳಿದರು. ಅವನು ಬರೆದು ಗಟ್ಟಿಯಾಗಿ ಓದಿದ: ‘ಸದರಿ ಪಂದ್ಯಾವಳಿಯಲ್ಲಿ ಹೇಳಿಕೆದಾರನಾದ ನಾನು ಆಡಿರುವುದಿಲ್ಲ. ಮೃತರೇ ಆಡಿರುತ್ತಾರೆ.’ ಕೆಳಗೆ ನನ್ನ ಪೂರ್ತಿ ಹೆಸರು, ಅಬ್ಬನ ಹೆಸರು, ಊರು, ಕಸುಬು. ಒಂದಕ್ಷರವೂ ತಪ್ಪಿರಲಿಲ್ಲ. ಸಹಿ ಮಾಡಿದೆ. ಅಧಿಕಾರಿ ಸಹಿಯ ಮೇಲೆ ಇಲಾಖೆಯ ಮೊಹರು ಒತ್ತಿದರು.

ಅದರ ಮೇಲೆ ಅವಳಿಗೆ ಕೆಲಸದ ಆದೇಶ ಬಂತು. ರಾಜ್ಯಮಟ್ಟದ ಫುಟ್‌ಬಾಲ್ ಬಗ್ಗೆ ನನ್ನ ಹೆಸರಿರುವ ಸರ್ಕಾರಿ ಕಾಗದ ಈ ಪ್ರಪಂಚದಲ್ಲಿ ಅದೊಂದೇ. ನಾನು ಆಡಿಲ್ಲ ಎಂದು ಅದರಲ್ಲಿ ಬರೆದಿದೆ.